ಒಂದೇ ಎಕೋ, ನಾಲ್ಕು ವಿಧಾನ: ಹೃದಯದ ಗೋಡೆಯ ಚಲನೆಯನ್ನು ಯಾವುದು ಸರಿಯಾಗಿ ಹಿಡಿಯಿತು?

ಹೃದಯದ ಒಂದೊಂದು ಬಡಿತಕ್ಕೂ ಎಡ ಹೃತ್ಕುಕ್ಷಿಯ ಗೋಡೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಎಕೋ ಚಿತ್ರಗಳಿಂದ ಲೆಕ್ಕ ಹಾಕುವ ನಾಲ್ಕು ವಿಧಾನಗಳನ್ನು ಕೆಲವು ತಿಂಗಳು ಅಕ್ಕಪಕ್ಕ ಇಟ್ಟು ಓಡಿಸಿ ನೋಡಿದೆ: ಬ್ಲಾಕ್ ಮ್ಯಾಚಿಂಗ್, ಲೂಕಸ್-ಕನಾಡೆ ಆಪ್ಟಿಕಲ್ ಫ್ಲೋ, ಬಿ-ಸ್ಪ್ಲೈನ್ ರಿಜಿಸ್ಟ್ರೇಶನ್ ಮತ್ತು ರಾಫ್ಟ್ ಎಂಬ ನ್ಯೂರಲ್ ನೆಟ್‌ವರ್ಕ್. ಸ್ನಾಯುವಿನ ವೇಗವನ್ನು ನೇರವಾಗಿ ಅಳೆಯುವ ಟಿಶ್ಯೂ ಡಾಪ್ಲರನ್ನು ಬಿಟ್ಟಿದ್ದೇನೆ. ಅದಕ್ಕೆ ಬೇಕಾದ ದತ್ತಾಂಶವನ್ನು ಸ್ಕ್ಯಾನ್ ಮಾಡುವಾಗಲೇ ಹಿಡಿದಿಟ್ಟಿರಬೇಕು. ಮೇಲಾಗಿ ಅದು ಅಳೆಯುವುದು ಅಲ್ಟ್ರಾಸೌಂಡ್ ಕಿರಣದ ದಿಕ್ಕಿನ ವೇಗವನ್ನಷ್ಟೇ. ಸ್ನಾಯು ಕಿರಣಕ್ಕೆ 60 ಡಿಗ್ರಿ ಓರೆಯಾಗಿ ಚಲಿಸಿದರೆ ಅರ್ಧ ವೇಗವೇ ಕಾಣುತ್ತದೆ.

ಮೊದಲು ಎಕೋನೆಟ್-ಡೈನಾಮಿಕ್ ಎಂಬ ಎಕೋ ಸಂಗ್ರಹದ ವಿಡಿಯೊಗಳನ್ನು ಎತ್ತಿಕೊಂಡೆ. 10,030 ವಿಡಿಯೊಗಳಿವೆ, ಆದರೆ ಫ್ರೇಮುಗಳನ್ನು 112×112 ಪಿಕ್ಸೆಲ್‌ಗೆ ಕುಗ್ಗಿಸಲಾಗಿದೆ. ಚಲನೆಯನ್ನು ಹಿಂಬಾಲಿಸಲು ಬೇಕಾದ, ಸ್ನಾಯುವಿನೊಳಗಿನ ಚುಕ್ಕೆಚುಕ್ಕೆಯ ವಿನ್ಯಾಸ (ಸ್ಪೆಕಲ್) ಅಲ್ಲೇ ಅಳಿಸಿಹೋಗಿರುತ್ತದೆ. ಹಾಗಾಗಿ ಕ್ಯಾಮಸ್ ಸಂಗ್ರಹಕ್ಕೆ ಹೋದೆ. ಅದರಲ್ಲಿ 500 ರೋಗಿಗಳ ಎರಡು ಕೋಣೆ, ನಾಲ್ಕು ಕೋಣೆ ನೋಟಗಳಿವೆ. ಹೃದಯ ಪೂರ್ತಿ ಹಿಗ್ಗಿದಾಗಿನ ಮತ್ತು ಪೂರ್ತಿ ಕುಗ್ಗಿದಾಗಿನ ಗಡಿರೇಖೆಗಳನ್ನು ಕೈಯಿಂದ ಎಳೆದಿದ್ದಾರೆ. ಮೊದಲ ರೇಖೆಯನ್ನು ಫ್ರೇಮಿನಿಂದ ಫ್ರೇಮಿಗೆ ಒಯ್ದು, ಕೊನೆಯ ರೇಖೆಗೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡುವುದು ನನ್ನ ಮೊದಲ ಪರೀಕ್ಷೆ.

ಲೂಕಸ್-ಕನಾಡೆ (1981) ಬೇಗ ಸೋತಿತು. ಒಂದು ಬಿಂದುವಿನ ಹೊಳಪು ಮುಂದಿನ ಫ್ರೇಮಿನಲ್ಲೂ ಬದಲಾಗುವುದಿಲ್ಲ ಎಂಬುದು ಅದರ ಬುನಾದಿ. ಸ್ಪೆಕಲ್ ಎಂದರೆ ಸ್ನಾಯುವಿನಲ್ಲಿರುವ ನಿಜವಾದ ಚುಕ್ಕೆಯಲ್ಲ, ಚದುರಿ ಮರಳಿದ ಅಲೆಗಳು ಒಂದರ ಮೇಲೊಂದು ಬಿದ್ದು ಮೂಡಿದ ವಿನ್ಯಾಸ. ಸ್ನಾಯು ಸ್ವಲ್ಪ ತಿರುಗಿದರೆ, ಚಿತ್ರದ ಸಮತಲದಿಂದ ಹೊರಗೆ ಜಾರಿದರೆ ಆ ವಿನ್ಯಾಸವೇ ಬದಲಾಗುತ್ತದೆ. ವೇಗದ ತೊಂದರೆಯೂ ಇದೆ. ಮೈಟ್ರಲ್ ಕವಾಟದ ಬುಡ ಸೆಕೆಂಡಿಗೆ 8 ಸೆಂ.ಮೀ. ವೇಗದಲ್ಲಿ ಸಾಗುವಾಗ ಸೆಕೆಂಡಿಗೆ 50 ಫ್ರೇಮ್ ತೆಗೆದರೆ, ಎರಡು ಫ್ರೇಮುಗಳ ನಡುವೆ ಅದು 1.6 ಮಿ.ಮೀ. ಜಿಗಿದಿರುತ್ತದೆ. ಚಿತ್ರವನ್ನು ಹಂತಹಂತವಾಗಿ ಕುಗ್ಗಿಸಿ ಹುಡುಕಿದರೆ ಜಿಗಿತವೇನೋ ಸಿಗುತ್ತದೆ. ಆದರೆ ಪ್ರತಿ ಫ್ರೇಮಿನ ಚಿಕ್ಕ ತಪ್ಪು ಕೂಡುತ್ತಾ ಹೋಗಿ, ಕೊನೆಗೆ ಬಿಂದುಗಳು ರಕ್ತದ ಕೋಣೆಯೊಳಗೆ ತೇಲುತ್ತಿದ್ದವು.

ರಾಫ್ಟ್ (2020) ವೇಗವಾಗಿ ಓಡುತ್ತದೆ. ಹಾರುವ ಕುರ್ಚಿಗಳಂಥ ಕೃತಕ ಚಿತ್ರಗಳಿಂದ ಕಲಿತ ಸಿದ್ಧ ತೂಕಗಳನ್ನೇ (ನೆಟ್‌ವರ್ಕ್ ಕಲಿತಿಟ್ಟ ಸಂಖ್ಯೆಗಳನ್ನೇ) ನಾನು ಬಳಸಿದ್ದರಿಂದ, ಗೋಡೆಯ ಹೊಳೆಯುವ ಅಂಚನ್ನು ಹಿಡಿಯಿತು, ಒಳಗಿನ ಸ್ನಾಯುವಿನ ಬಗ್ಗೆ ಮಸುಕಾದ ಉತ್ತರ ಕೊಟ್ಟಿತು. ಅಲ್ಟ್ರಾಸೌಂಡ್ ಚಿತ್ರಗಳ ಮೇಲೆ ಮತ್ತೆ ತರಬೇತಿ ಕೊಡದೆ ಇದನ್ನು ಈ ಕೆಲಸಕ್ಕೆ ಹಚ್ಚಬಾರದು.

ಗಡಿರೇಖೆಯ ಪರೀಕ್ಷೆಯಲ್ಲಿ ಗೆದ್ದದ್ದು ಬಿ-ಸ್ಪ್ಲೈನ್. ಚಿತ್ರದ ಮೇಲೆ ಬಿಂದುಗಳ ಜಾಲ ಹಾಸಿ, ಇಡೀ ಚಿತ್ರವನ್ನು ರಬ್ಬರ್ ಹಾಳೆಯಂತೆ ಎಳೆದು ಹೊಂದಿಸುತ್ತದೆ. ನೋಡಲು ಬಹಳ ನಯ, ನಡುಕವಿಲ್ಲ, ಸ್ಟ್ರೇನ್ (ಸ್ನಾಯು ತನ್ನ ಮೂಲ ಉದ್ದದ ಎಷ್ಟು ಪಾಲು ಕುಗ್ಗಿತು ಎಂಬ ಅಳತೆ) ರೇಖೆಯೂ ಪುಸ್ತಕದಲ್ಲಿರುವಂತೆ ಬರುತ್ತದೆ. ಹಲವು ದಿನ ಇದೇ ಉತ್ತರ ಎಂದುಕೊಂಡಿದ್ದೆ.

ಆಮೇಲೆ ಹೊಳೆಯಿತು: ಗಡಿರೇಖೆ ತಾಳೆಯಾದರೆ ಗೋಡೆ ಒಳಕ್ಕೆ ಬಂದದ್ದು ಗೊತ್ತಾಗುತ್ತದೆಯೇ ಹೊರತು, ಸ್ನಾಯು ಗೋಡೆಯುದ್ದಕ್ಕೂ ಎಷ್ಟು ಜಾರಿತೆಂದು ಗೊತ್ತಾಗುವುದಿಲ್ಲ. ಉದ್ದುದ್ದದ ಸ್ಟ್ರೇನ್‌ಗೆ ಬೇಕಾದದ್ದು ಆ ಜಾರುವಿಕೆಯೇ. ಹಾಗಾಗಿ ಎರಡನೇ ಪರೀಕ್ಷೆ ಕಟ್ಟಿದೆ. ಒಂದೇ ಫ್ರೇಮನ್ನು ನನಗೆ ಗೊತ್ತಿರುವ ಚಲನೆಯಿಂದ ಹಂತಹಂತವಾಗಿ ಬಾಗಿಸಿದೆ, ನಡುಗೋಡೆಯ ಒಂದು ತುಂಡನ್ನು ಮಾತ್ರ ಕದಲದಂತೆ ಇಟ್ಟೆ. ರಕ್ತ ಸಿಗದೆ ಸತ್ತ ಸ್ನಾಯುವಿಗೆ ಇದು ಒರಟು ನಕಲು. ಸ್ಪೆಕಲ್ ಬದಲಾಗುವುದು ಇದರಲ್ಲಿ ಬರುವುದಿಲ್ಲ. ಅಷ್ಟು ಸುಲಭದ ಪರೀಕ್ಷೆಯಲ್ಲೂ ಅಗಲ ಜಾಲದ ಬಿ-ಸ್ಪ್ಲೈನ್ ನಿಂತ ತುಂಡನ್ನು ಅಕ್ಕಪಕ್ಕದ ಸ್ನಾಯುವಿನ ಜೊತೆ ಎಳೆದೊಯ್ದು, ಚೆನ್ನಾಗಿ ಕುಗ್ಗುತ್ತಿದೆ ಎಂದು ತೋರಿಸಿತು. ವೈದ್ಯರು ಹುಡುಕುವುದು ಆ ತುಂಡನ್ನೇ! ಜಾಲವನ್ನು ಕಿರಿದು ಮಾಡಿದರೆ ತುಂಡು ಕಾಣಿಸಿತು, ಆದರೆ ನಿಜವಾದ ಸರಣಿಗಳಲ್ಲಿ ನಡುಕ ಮರಳಿತು.

ಬ್ಲಾಕ್ ಮ್ಯಾಚಿಂಗ್ ಒರಟು. ಚಿಕ್ಕ ಚೌಕವೊಂದನ್ನು ಎತ್ತಿಕೊಂಡು ಮುಂದಿನ ಫ್ರೇಮಿನಲ್ಲಿ ಅದರಂತೆಯೇ ಇರುವ ಜಾಗ ಹುಡುಕುತ್ತದೆ. ಕಿರಣಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಚಿತ್ರವೇ ಮಸುಕಾದ್ದರಿಂದ ಅಲ್ಲಿ ಹೆಚ್ಚು ತಪ್ಪುತ್ತದೆ. ಆದರೂ ನಿಂತ ತುಂಡನ್ನು ನಿಂತಿದೆ ಎಂದೇ ಹೇಳಿತು. ಪ್ರತಿ ಚೌಕಕ್ಕೂ ಹೋಲಿಕೆ ಎಷ್ಟೆಂದು ಹೇಳುವ ಕೋರಿಲೇಶನ್ ಅಂಕ ಕೊಡುವುದರಿಂದ ಯಾವ ಉತ್ತರವನ್ನು ನಂಬಬಾರದು ಎಂಬುದೂ ಬಹುಮಟ್ಟಿಗೆ ತಿಳಿಯುತ್ತದೆ.

ಹೃದಯದ ತುದಿಯಲ್ಲಿ ಮಾತ್ರ ಆ ಅಂಕವೂ ಮೋಸ ಮಾಡುತ್ತದೆ. ಎದೆಯ ಮೇಲಿಟ್ಟ ಪ್ರೋಬಿನ ಹತ್ತಿರ ಚಿತ್ರದಲ್ಲಿ ಕದಲದ ಮಂಜು ಕವಿದಿರುತ್ತದೆ. ಚೌಕ ಅದಕ್ಕೆ ಅಂಟಿಕೊಂಡರೆ ಅಂಕ ತುಂಬಾ ಮೇಲೆ, ಚಲನೆ ಸೊನ್ನೆ. ಸತ್ತ ಸ್ನಾಯುವೂ ಹಾಗೆಯೇ ಕಾಣುತ್ತದೆ.

ಈಗ ಬ್ಲಾಕ್ ಮ್ಯಾಚಿಂಗನ್ನೇ ಉಳಿಸಿಕೊಂಡಿದ್ದೇನೆ. ಸರಣಿಯನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡಿಸಿ, ಹೊರಟ ಜಾಗಕ್ಕೆ ಮರಳದ ಬಿಂದುಗಳನ್ನು ತೆಗೆದುಹಾಕುತ್ತೇನೆ. ಉಳಿದವನ್ನು ಪಕ್ಕದ ನಾಲ್ಕೈದು ಬಿಂದುಗಳ ಮಟ್ಟಿಗಷ್ಟೇ ನಯಗೊಳಿಸುತ್ತೇನೆ. ತುದಿಯಲ್ಲಿ ಮಂಜಿದ್ದರೆ ಆ ಭಾಗಕ್ಕೆ ಸಂಖ್ಯೆ ಕೊಡದೆ ಖಾಲಿ ಬಿಡುತ್ತೇನೆ.