ಎಕ್ಸ್32 ಡಿಜಿಟಲ್ ಮಿಕ್ಸರ್ ನಾಲ್ಕು ವರ್ಷ ಬಳಸಿದ್ಮೇಲೆ: ಸೀನ್ ಸೇವ್ ಮಾಡೋದು ಸುಲಭ, ರೀಕಾಲ್ ಮಾಡುವಾಗ ಜೋಪಾನ ಮಾರಾಯ್ರೆ

ತೀರ್ಥಹಳ್ಳಿ ಕಡೆ ಮೈಕ್‌ಸೆಟ್ ಇಟ್ಕೊಂಡಿರೋನು ನಾನು. ಮದುವೆ ಆರ್ಕೆಸ್ಟ್ರಾ, ಭಾಷಣ, ದೀಪಾವಳಿ ಕಳೀತಿದ್ದಂಗೆ ರಾತ್ರಿ ಇಡೀ ಯಕ್ಷಗಾನದ ಆಟ. ಮೊದ್ಲು ಅನಲಾಗ್ ಮಿಕ್ಸರ್ ಇತ್ತು, ಸೆಟ್ಟಿಂಗ್ ನೆನಪಿರ್ಲಿ ಅಂತ ನಾಬ್‌ಗಳ ಫೋಟೋ ಹೊಡ್ಕೊಂಡು, ಮಾರನೇ ದಿನ ಅದನ್ನ ನೋಡ್ಕೊಂಡು ಒಂದೊಂದೇ ತಿರುಗಿಸ್ತಾ ಕೂರ್ತಿದ್ದೆ. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಬೆರಿಂಜರ್ ಎಕ್ಸ್32 ತಗೊಂಡೆ. 32 ಮೈಕ್ ಇನ್‌ಪುಟ್, 100 ಸೀನ್‌ಗೆ ಜಾಗ. ಸೀನ್ ಅಂದ್ರೆ ಆ ಹೊತ್ತಿನ ಸೆಟ್ಟಿಂಗೆಲ್ಲಾ ಒಟ್ಟಿಗೆ ಸೇವ್ ಆಗಿರೋದು. ರೀಕಾಲ್ ಕೊಟ್ರೆ, ಅಂದ್ರೆ ಅದನ್ನ ವಾಪಸ್ ಕರೆದ್ರೆ, ವಾಲ್ಯೂಮಿನ ಫೇಡರ್‌ಗಳು ತಾವೇ ಸರಿದು ಜಾಗದಲ್ಲಿ ಕೂರ್ತವೆ, ಮೊದಮೊದ್ಲು ಊರ ಹುಡುಗ್ರು ಆಟ ಬಿಟ್ಟು ಇದನ್ನೇ ನೋಡ್ತಾ ನಿಲ್ತಿದ್ರು.

ಹೊಸನಗರದ ಹತ್ರ ಒಂದು ಆಟ. ಮೊದಲ ಭಾಗವತರದ್ದು ಕಂಚಿನ ಕಂಠ, ನಡುರಾತ್ರಿ ಮೇಲೆ ಕೂರೋರದ್ದು ಮೆತ್ತಗೆ. ಸಂಜೆನೇ ಇಬ್ರದ್ದೂ ಚೆಕ್ ಮಾಡಿ ಎರಡು ಸೀನ್ ಸ್ಟೋರ್ ಮಾಡಿಟ್ಟೆ, ಭಾರೀ ಬುದ್ಧಿವಂತ ಅಂತ. ಆಮೇಲೆ ಯುದ್ಧದ ಸನ್ನಿವೇಶಕ್ಕೆ ಚಂಡೆ ಏರಿತು, ನಾನು ಚಂಡೆ ಗೇನ್ (ಮೈಕಿನ ಸದ್ದು ಒಳಗೆ ಎಷ್ಟು ಬರ್ಬೇಕು ಅನ್ನೋದು) ಇಳಿಸ್ದೆ, ನೆಲದ ಮೈಕ್ ಕೂಗೋ ಥರ ಆಯ್ತು, ಅದರ ಈಕ್ಯೂನೂ (ದಪ್ಪ-ತೆಳು ಸ್ವರ ತಿದ್ದೋದು) ಕಡಿದೆ, ಹಿಂಗೇ ಮೂರು ಗಂಟೆ ಸಣ್ಣಸಣ್ಣದು ತಿದ್ದಿದ್ದೇ ತಿದ್ದಿದ್ದು. ಎರಡನೇ ಭಾಗವತರು ಬಂದು ಕೂತ್ರು, ಎರಡನೇ ಸೀನ್ ಒತ್ತಿದೆ. ಚಂಡೆ ಗೇನ್, ನೆಲದ ಮೈಕು, ಎಲ್ಲಾ ಸಂಜೆಯದ್ದಕ್ಕೇ ವಾಪಸ್! ಕುಂಯ್ ಅಂತ ಕೂಗಿದ್ದಕ್ಕೆ ಚಾಪೆ ಮೇಲೆ ಮಲಗಿದ್ದ ಅಜ್ಜ ಒಬ್ರು ಎದ್ದು ಬೆಳಗಾಯ್ತಾ ಅಂದ್ರಂತೆ. ಮಾಡಿದ್ದನ್ನ ವಾಪಸ್ ತಗೊಳ್ಳೋ ಅಂಡೂ ಬಟನ್ ಇದೆ ಅನ್ನೋದು ಆ ಗಾಬರಿಲಿ ನೆನಪೇ ಬರ್ಲಿಲ್ಲ. ಸೀನ್ ಲೋಡ್ ಮಾಡ್ಬೇಕಾ ಅಂತ ಕೇಳೋ ಪಾಪ್‌ಅಪ್ಪನ್ನೂ ಕಿರಿಕಿರಿ ಅಂತ ನಾನೇ ಆಫ್ ಮಾಡಿದ್ದೆ.

ತಪ್ಪು ಮೆಷಿನ್‌ದಲ್ಲ. ಸೀನ್ ಅಂದ್ರೆ ಪೂರ್ತಿ ಕನ್ಸೋಲು: ಗೇನ್, ಮೈಕಿಗೆ ಕೊಡೋ 48 ವೋಲ್ಟ್ ಫ್ಯಾಂಟಮ್ ಕರೆಂಟ್, ಈಕ್ಯೂ, ಕಂಪ್ರೆಸರ್, ಮಾನಿಟರ್ ಸೆಂಡ್, ಎಲ್ಲಾನೂ. ಸೀನ್ಸ್ ಪೇಜಲ್ಲಿ ಚಾನೆಲ್ ಸೇಫ್, ಪ್ಯಾರಾಮೀಟರ್ ಸೇಫ್ ಅಂತ ಇದಾವೆ, ಅಲ್ಲಿ ಗುರುತು ಹಾಕಿದ್ದನ್ನ ರೀಕಾಲ್ ಮುಟ್ಟಲ್ಲ. ಸ್ಟೋರ್ ಆಗೋದೇನೋ ಪೂರ್ತಿನೇ, ತಡೆಯೋದು ವಾಪಸ್ ಕರೆಯುವಾಗ ಮಾತ್ರ. ಈಗ ಚಂಡೆ, ಮದ್ದಳೆ, ನೆಲದ ಮೈಕು ಸೇಫಲ್ಲಿ, ಪ್ರೀಆಂಪ್ ಗೇನೂ ಸೇಫಲ್ಲಿ. ಭಾಗವತರನ್ನ ಬದಲಾಯಿಸೋಕೆ ಅವರ ಚಾನೆಲ್ ಒಂದೇ ಇರೋ ಸ್ನಿಪ್ಪೆಟ್ (ಸೀನಿನ ಸಣ್ಣ ತುಂಡು ಇದ್ದಂಗೆ) ಸಾಕು, ಇಡೀ ಸೀನ್ ಯಾಕೆ.

ಶಿವಮೊಗ್ಗ ಕುವೆಂಪು ರಂಗಮಂದಿರದಲ್ಲಿ ಮಾಡಿದ ಸೀನನ್ನ ಗದ್ದೆ ಬಯಲಿಗೆ ತಂದ್ರೆ ಈಕ್ಯೂ ಅಂತೂ ಕೂರಲ್ಲ, ಆದ್ರೆ ಚಾನೆಲ್ ಹೆಸ್ರು, ಪ್ಯಾಚು (ಯಾವ ಮೈಕು ಯಾವ ಚಾನೆಲಿಗೆ ಅನ್ನೋದು) ರೆಡಿ ಇರುತ್ತೆ, ಅಷ್ಟಕ್ಕೇ ಅರ್ಧ ಗಂಟೆ ಉಳೀತು. ಪೆನ್‌ಡ್ರೈವಲ್ಲಿ ಒಂದು ಕಾಪಿ ಇಡಿ. ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ಲ, ಯುಪಿಎಸ್ ಇಲ್ದೆ ಕನ್ಸೋಲ್ ಆನ್ ಮಾಡ್ಬೇಡಿ.

ಸೀನಿಗೆ ಊರಿನ ಹೆಸ್ರು, ತಾರೀಕು ಹಾಕಿ. ನಂದ್ರಲ್ಲಿ ಬರೀ ಟೆಸ್ಟ್, ಟೆಸ್ಟ್ ಹೊಸದು, ಟೆಸ್ಟ್ ಫೈನಲ್ ಅಂತ ಏಳೆಂಟು ಇದಾವೆ, ಎಂತಕ್ಕೆ ಮಾಡಿದ್ದು ಅಂತ ನಂಗೇ ಗೊತ್ತಿಲ್ಲ, ಡಿಲೀಟ್ ಮಾಡೋಕೂ ಧೈರ್ಯ ಇಲ್ಲ.