ಮಲೇರಿಯಾ ಗಿಡಮೂಲಿಕೆ: ಲ್ಯಾಬ್ ಮೊದಲೋ, ರೋಗಿ ಮೊದಲೋ?

ಮಲೇರಿಯಾಕ್ಕೆ ಬಳಸುವ ಗಿಡವನ್ನು ಪರೀಕ್ಷಿಸಲು ಎರಡು ದಾರಿ: ಮೊದಲು ಲ್ಯಾಬ್‌ನಲ್ಲಿ ಅದರ ಅಂಶ ಬೇರ್ಪಡಿಸುವುದು, ಇಲ್ಲವೇ ಜನ ಬಳಸುವ ಕಷಾಯವನ್ನೇ ಮೊದಲು ರೋಗಿಗಳಲ್ಲಿ ನೋಡುವುದು. ಯಾವುದು ಒಳ್ಳೆಯದು?

ಚೀನಾದ ವಿಜ್ಞಾನಿ ತು ಯುಯು ಅವರ ತಂಡ ಲ್ಯಾಬ್‌ನಲ್ಲಿ ಆರ್ಟಿಮಿಸಿಯಾ ಗಿಡದಿಂದ ಒಂದೇ ಅಂಶ ಬೇರ್ಪಡಿಸಿತು. ಬಿಸಿಗೆ ಗುಣ ಹಾಳಾಗುತ್ತಿತ್ತು. 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರಾವಕ ಬಳಸಿದಾಗ ಫಲ ಸಿಕ್ಕಿತು, ಮರುವರ್ಷ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧಿಯ ಅಂಶ ಸಿಕ್ಕಿತು. ಆಫ್ರಿಕಾದ ಮಾಲಿ ದೇಶದಲ್ಲಿ ಉಲ್ಟಾ: ಜನ ಕುಡಿಯುತ್ತಿದ್ದ ಆರ್ಜಿಮೋನ್ ಮೆಕ್ಸಿಕಾನಾ ಎಂಬ ಗಿಡದ ಕಷಾಯವನ್ನೇ ಮೊದಲು ರೋಗಿಗಳಲ್ಲಿ ನೋಡಿದರು.

ಖರ್ಚು, ಸಮಯ ಎರಡರಲ್ಲೂ ಮಾಲಿ ದಾರಿ ಹಗುರ. ಡೋಸ್ ವಿಷಯದಲ್ಲಿ ಲ್ಯಾಬ್ ದಾರಿಯಿಂದ ಬರುವ ಮಾತ್ರೆಯೇ ಮೇಲು, ಕಷಾಯ ಪ್ರತಿ ಸಲ ಒಂದೇ ಥರ ಇರಲ್ಲ ಅಲ್ವಾ?

ಸುರಕ್ಷತೆಯೇ ದೊಡ್ಡ ತಲೆನೋವು. ಇದೇ ಆರ್ಜಿಮೋನ್ ಗಿಡದ ಬೀಜದೆಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನ ಸತ್ತರು. ಹಾಗಾಗಿ ತಲೆಮಾರುಗಳಿಂದ ಬಳಕೆಯಲ್ಲಿದ್ದು, ಯಾವ ಭಾಗ ಬಳಸಬೇಕೆಂದು ಗೊತ್ತಿದ್ದರೆ ಮಾತ್ರ ರೋಗಿಯಿಂದ ಶುರು ಮಾಡಿ. ತೀವ್ರ ಮಲೇರಿಯಾಕ್ಕೆ ಔಷಧಿ ಬೇಕಿದ್ದರೆ ಲ್ಯಾಬ್ ದಾರಿಯೇ ಸರಿ.