ಫ್ಲೋಟ್ ನಂಬರಿಗೆ ‘ಸಮ’ ಅಂದ್ರೇನು? ನಾಲ್ಕು ಭಾಷೆ ಓಡಿಸಿ ನೋಡಿದೆ

ಬ್ಯಾಡಗಿಯಲ್ಲಿ ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ತೂಕ ಕೂಡಿಸಿ ಪಟ್ಟಿ ಜೊತೆ ತಾಳೆ ನೋಡುವ ಸಣ್ಣ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದುಕೊಟ್ಟಿದ್ದೆ. 1.1 ಕೆಜಿ, 2.2 ಕೆಜಿ ಎರಡು ಗಂಟು, ಪಟ್ಟಿಯಲ್ಲಿ 3.3. ಪರದೆ ಮೇಲೆ ಕೆಂಪಗೆ ‘ತಾಳೆ ಇಲ್ಲ’ ಅಂತ ಬಂತು. “ಏನಲೇ, ನಿನ್ನ ಕಂಪ್ಯೂಟರ್‌ಗೆ ಕೂಡಿಸಾಕೂ ಬರಂಗಿಲ್ಲೇನು?” ಅಂತ ಮಾವ ನಕ್ಕರು. ಒಳಗೆ ಮೊತ್ತ 3.3000000000000003 ಆಗಿ ಕೂತಿತ್ತು.

ಈ ಚೂರು ತಪ್ಪು ಪೈಥಾನ್‌ನದಲ್ಲ. ಚುಕ್ಕಿ ಇರುವ ಸಂಖ್ಯೆಯನ್ನು ಅದು ಫ್ಲೋಟ್ ಆಗಿ, ಅಂದ್ರೆ ಬೈನರಿಯಲ್ಲಿ (ಬರೀ 0, 1 ಬಳಸಿ) ಇಟ್ಟುಕೊಳ್ಳುತ್ತದೆ. 1.1 ಅನ್ನು ಬೈನರಿಯಲ್ಲಿ ಪೂರ್ತಿ ಬರೆಯೋಕೆ ಆಗುವುದೇ ಇಲ್ಲ, ಹಾಗಾಗಿ ಫ್ಲೋಟ್ ಲೆಕ್ಕದ ಮಾನಕವಾದ ಐಇಇಇ 754ರ 64 ಬಿಟ್ ಫ್ಲೋಟ್ ಬಳಸುವ ಎಲ್ಲ ಕಡೆ ಇದೇ ಉತ್ತರ. ಬೇರೆಯಾಗುವುದು ‘ಸಮ’ ಅನ್ನುವುದಕ್ಕೆ ಕೊಟ್ಟ ಅರ್ಥ. ಹುಬ್ಬಳ್ಳಿಗೆ ವಾಪಸ್ ಬಂದು ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ, ರಸ್ಟ್ ಈ ನಾಲ್ಕು ಪ್ರೋಗ್ರಾಮಿಂಗ್ ಭಾಷೆಗಳ ಡಾಕ್ಯುಮೆಂಟೇಶನ್ ತೆಗೆದು ಕೂತೆ.

ಪೈಥಾನ್ 3.5ರಿಂದ ಮ್ಯಾಥ್ ಮಾಡ್ಯೂಲ್‌ನಲ್ಲಿ ಈಸ್‌ಕ್ಲೋಸ್ ಇದೆ, ಹೆಚ್ಚು ಕಡಿಮೆ ಸಮವಾ ಅಂತ ನೋಡುತ್ತದೆ. ನಾನು ವ್ಯತ್ಯಾಸ ತೆಗೆದು ಸೊನ್ನೆಗೆ ಹೋಲಿಸಿದೆ, ಮತ್ತೆ ಕೆಂಪು! ಸುಮ್ನೆ ಬಿಟ್ಟರೆ ಅದರ ಅಳತೆ ಬರೀ ಅನುಪಾತದ್ದು, ಸೊನ್ನೆ ಹತ್ತಿರ ಕೆಲಸಕ್ಕೆ ಬರಲ್ಲ. ಡಾಕ್ಯುಮೆಂಟೇಶನ್‌ನಲ್ಲಿ ಬರೆದೇ ಇದೆ, ನಾನೇ ಓದಿರಲಿಲ್ಲ.

ಇನ್ನೊಂದು ತಲೆನೋವು ನ್ಯಾನ್, ಅಂದ್ರೆ ‘ಇದು ಸಂಖ್ಯೆಯೇ ಅಲ್ಲ’ ಅಂತ ಹೇಳುವ ಫ್ಲೋಟ್ ಬೆಲೆ. ತೇವಾಂಶ ಅಳೆಯದ ಚೀಲಕ್ಕೆ ಅದನ್ನೇ ಹಾಕಿದ್ದೆ, ಅದು ತನಗೆ ತಾನೇ ಸಮ ಅಲ್ಲ. ಜಾವಾಸ್ಕ್ರಿಪ್ಟ್ ಇಲ್ಲಿ ಜಾಸ್ತಿ ಗೋಳು: ಒಂದೇ ಅರೇಯಲ್ಲಿ (ಬೆಲೆಗಳ ಸಾಲಿನಲ್ಲಿ) ‘ಇದೆಯಾ’ ಅಂತ ಕೇಳುವ ಇನ್‌ಕ್ಲೂಡ್ಸ್ ನ್ಯಾನ್ ಇದೆ ಅನ್ನುತ್ತದೆ, ‘ಎಲ್ಲಿದೆ’ ಅಂತ ಕೇಳುವ ಇಂಡೆಕ್ಸ್‌ಆಫ್ ಇಲ್ಲ ಅಂತ -1 ಕೊಡುತ್ತದೆ.

ಓದೋಕೆ ನನಗೆ ಹಿಡಿಸಿದ್ದು ಜಾವಾ. ಅಲ್ಲೂ ಎರಡು ನಾಲಿಗೆ ಇದೆ: == ಪ್ರಕಾರ ನ್ಯಾನ್ ನ್ಯಾನ್‌ಗೆ ಸಮ ಅಲ್ಲ, 0.0 ಮತ್ತು -0.0 ಸಮ, ಡಬಲ್ ಕ್ಲಾಸಿನ ಈಕ್ವಲ್ಸ್ ಎರಡಕ್ಕೂ ಉಲ್ಟಾ ಹೇಳುತ್ತದೆ. ಆದರೆ ಹ್ಯಾಶ್ ಟೇಬಲ್ (ಕೀ ಕೊಟ್ಟರೆ ಬೆಲೆ ಹುಡುಕಿಕೊಡುವ ಪಟ್ಟಿ) ಸರಿಯಾಗಿ ನಡೆಯಬೇಕು ಅಂತಲೇ ಹೀಗೆ ಮಾಡಿದ್ದು ಅಂತ ಕಾರಣವನ್ನೂ ಅಲ್ಲೇ ಬರೆದಿದ್ದಾರೆ. ನಿಯಮ ಮಾತ್ರ ಹೇಳಿ ಕೈತೊಳೆದುಕೊಂಡರೆ ಯಾರಿಗೆ ನೆನಪಿರುತ್ತದೆ?

ರಸ್ಟ್ ವಾದಕ್ಕೇ ಬರಲ್ಲ. ಅದರ 64 ಬಿಟ್ ಫ್ಲೋಟ್ ಆದ ಎಫ್64ಗೆ ಪಾರ್ಷಿಯಲ್‌ಈಕ್ಯೂ (ಅರೆಬರೆ ಸಮತೆ) ಉಂಟು, ಪ್ರತಿ ಬೆಲೆಯೂ ತನಗೆ ತಾನೇ ಸಮ ಅಂತ ಭರವಸೆ ಕೊಡುವ ಈಕ್ಯೂ ಇಲ್ಲ. ತೂಕವನ್ನೇ ಹ್ಯಾಶ್‌ಮ್ಯಾಪ್‌ಗೆ (ರಸ್ಟ್‌ನ ಹ್ಯಾಶ್ ಟೇಬಲ್) ಕೀ ಮಾಡಿ ಹಾಕಲು ಹೋದೆ, ಕಂಪೈಲರ್ ಬಾಗಿಲಲ್ಲೇ ತಡೆಯಿತು. ಮೊದಲು ಸಿಟ್ಟು ಬಂತು. ಆದರೆ ಬೇರೆ ಮೂರರಲ್ಲಿ ಓಡಿಸಿದ ಮೇಲೆ ಸಿಕ್ಕ ತಪ್ಪು ಇಲ್ಲಿ ಓಡುವ ಮೊದಲೇ ಸಿಕ್ಕಿತು, ಅಲ್ವಾ?

ಆದರೂ ಮಾವನ ಅಂಗಡಿಯಲ್ಲಿ ಇನ್ನೂ ಪೈಥಾನೇ ಓಡುತ್ತಿದೆ. ತೂಕವನ್ನು ಗ್ರಾಂ ಲೆಕ್ಕದ ಪೂರ್ಣಾಂಕ ಮಾಡಿದೆ: 1100, 2200, 3300. ತೇವಾಂಶ ಮಾತ್ರ ಫ್ಲೋಟ್ ಆಗಿಯೇ ಉಳಿದಿದೆ, ಅದಕ್ಕೆ ಮೊದಲು ಈಸ್‌ನ್ಯಾನ್ (ಇದು ನ್ಯಾನಾ?) ಕೇಳಿಯೇ ಮುಂದಿನ ಸಾಲಿಗೆ ಹೋಗುತ್ತೇನೆ.